ಕಮಲಾಪುರದ ಐದು ಬದಲಿ ಮೋಟರು

ಕಲಬುರಗಿಯಲ್ಲಿ ಮೊದಲ ದಿನ ನನಗೆ ಸಿಕ್ಕ ತಂಪು ಮನುಷ್ಯರಿಗೆಂದು ಇಟ್ಟದ್ದಾಗಿರಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಆಟೋದವನು ಜಗತ್ ಸರ್ಕಲ್ಲಿನ ಹತ್ತಿರ ಕಂಪನಿಯ ಬಾಗಿಲಲ್ಲಿ ಇಳಿಸಿದಾಗ ಚಪ್ಪಲಿಯ ಅಡಿ ಡಾಂಬರಿಗೆ ಅಂಟುತ್ತಿತ್ತು. ಒಳಗೆ ಗುಮಾಸ್ತರೆಲ್ಲ ಕತ್ತಿಗೆ ಒದ್ದೆ ಟವೆಲು ಸುತ್ತಿಕೊಂಡು ಕೂತಿದ್ದರು. ಹಿಂದಿನ ಗಾಜಿನ ಕೋಣೆಯಲ್ಲಿ ಮಾತ್ರ ಎ.ಸಿ. ಓಡುತ್ತಿತ್ತು, ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಜಿನ ಮೇಲೆ ಬಟ್ಟೆ ಹೊದ್ದು, ಹಣೆಗೆ ವಿಭೂತಿ ಬಳಿಸಿಕೊಂಡ ಕಂಪ್ಯೂಟರ್ ಒಂದೇ ಇತ್ತು.

“ಚಪ್ಪಲ್ ಹೊರಗ ಬಿಡ್ರಿ ಮೇಡಂ,” ಎಂದರು ಮಾಲಕರು. “ನಮಗ ಧಗಿ ಆದ್ರ ನಡೀತದ, ಅದಕ್ಕ ಆಗಬಾರದು.”

ಅಯ್ಯೋ ಶಿವನೇ, ಎಲ್ಲಿಗೆ ಬಂದೆ ಅನ್ನಿಸಿತು. ನಾನು ನಂಜನಗೂಡಿನವಳು. ಮೈಸೂರಿನಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತು, ಪೇಪರಿನ ಜಾಹೀರಾತು ನೋಡಿ ಅರ್ಜಿ ಗುಜರಾಯಿಸಿ, ತೊಂಬತ್ತರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದವಳು. ಬಾವಿಯಿಂದ ನೀರೆತ್ತುವ ಮೋಟರು, ಪೈಪು, ಬಿಡಿಭಾಗ ಮಾರುವ ಕಂಪನಿ; ಸುತ್ತಲಿನ ಎಂಟು ಊರುಗಳಲ್ಲಿ ಅದರ ಶಾಖೆ. ಬೋರ್ಡಿನ ಮೇಲೆ ಗುಲ್ಬರ್ಗಾ, ಜನರ ಬಾಯಲ್ಲಿ ಕಲಬುರಗಿ. ನಮ್ಮ ಕಡೆ ಒಂದು ಊರಿಗೆ ಒಂದು ಹೆಸರು ಸಾಕು, ಇಲ್ಲಿ ಎರಡಿದ್ದರೂ ಅಮ್ಮನ ಮೊದಲ ಕಾಗದ ನನಗೆ ತಲುಪಲು ಹದಿನೈದು ದಿನ ಹಿಡಿಯಿತು.

ಮನೆ ಹುಡುಕುವುದು ಯಾರಿಗೂ ಬೇಡ. “ಒಬ್ಬಾಕೀನೇ ಇರ್ತೀರಿ? ಮನಿಯವ್ರು ಎಲ್ಲಿ ಅವ್ರ?” ಎಂದು ಕೇಳುತ್ತಿದ್ದರು. ಮದುವೆಯಾಗಿಲ್ಲ ಎಂದರೆ, “ಹಂಗಾದ್ರ ಆಗಂಗಿಲ್ರಿ” ಎಂದು ನೀರು ಕೊಟ್ಟು ಕಳಿಸುತ್ತಿದ್ದರು. ನೀರು ಮಾತ್ರ ಎಲ್ಲರೂ ಕೊಟ್ಟರು, ಅದನ್ನು ಹೇಳದಿದ್ದರೆ ಪಾಪ ಬಂದೀತು. ನಮ್ಮಲ್ಲಾದರೆ ಮನೆ ಇಲ್ಲ ಅನ್ನುವವರು ಬಾಗಿಲನ್ನೂ ಪೂರ್ತಿ ತೆರೆಯುವುದಿಲ್ಲ.

ಹೀಗೆ ವಾರ ಕಳೆದ ಮೇಲೆ ಕಮಲಾಪುರ ಶಾಖೆಯ ಸಿದ್ರಾಮಪ್ಪನವರು ಬಂದರು. ಐವತ್ತೈದು ದಾಟಿದ ಮನುಷ್ಯ, ಬಿಳಿ ಧೋತರ, ತಲೆಗೆ ಟೋಪಿ. ಈಗಿನ ಮಾಲಕರ ತಂದೆಯ ಕಾಲದಿಂದ ಕಮಲಾಪುರವನ್ನು ಅವರೇ ನೋಡಿಕೊಂಡು ಬಂದಿದ್ದರು. ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ ನನ್ನನ್ನು ಕಂಡು, “ಏನಾಗ್ಯದ್ರಿ ತಂಗಿ?” ಎಂದರು. ಹೇಳಿದೆ. “ಇಷ್ಟಽ? ನಡೀರಿ, ನನ್ನ ತಂಗಿ ನೀಲಮ್ಮನ ಮನಿ ಸೇಡಂ ರಸ್ತಿಗೇ ಅದ. ಆಕಿನೂ ಒಬ್ಬಾಕೀನೇ ಇರ್ತಾಳ” ಎಂದು ನನ್ನ ಟ್ರಂಕನ್ನು ತಾವೇ ಆಟೋಗೆ ಏರಿಸಿದರು.

ನೀಲಮ್ಮನವರು ವಿಧವೆ. ಹಿಂದಿನ ಕೋಣೆ ತೋರಿಸಿ, “ರೊಟ್ಟಿ ಬಡೀಲಿಕ್ಕ ಬರ್ತದನು?” ಎಂದರು. ಬರುವುದಿಲ್ಲ ಎಂದೆ. “ಮತ್ತ ಇಷ್ಟು ವರ್ಷ ಏನ್ ತಿಂದು ಬದಕಿದಿ ಯವ್ವ!” ಎಂದು ನಕ್ಕರು. ಮುದ್ದೆ ಎಂದೆ. ಅಗಿಯದೆ ನುಂಗುವುದು ಎಂಥ ಊಟ ಎಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಬೆಳಗಾದರೆ ಟಪಟಪ ರೊಟ್ಟಿ ಬಡಿಯುವ ಸದ್ದು, ಊಟಕ್ಕೆ ಹಿಂಡಿಪಲ್ಲೆ, ಶೇಂಗಾ ಚಟ್ನಿ. ನನ್ನ ರೊಟ್ಟಿ ಎರಡು ತಿಂಗಳು ಹರಿಯಿತು. ಮೂರನೆಯ ತಿಂಗಳು ಒಂದು ಇಡಿಯಾಗಿ ಎದ್ದು ಹೆಂಚಿನ ಮೇಲೆ ಉಬ್ಬಿದಾಗ, ನೀಲಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ ಬಿಡಿ.

ಇನ್ನು ನನ್ನ ಕೆಲಸ. ಮೈಸೂರಿನ ಮೇಷ್ಟ್ರು ಒಂದು ಗೋಪುರದ ಚಿತ್ರ ಬರೆದು ಪಾಠ ಮಾಡಿದ್ದರು: ವ್ಯಾಪಾರದ ಸಂಸ್ಥೆಯಲ್ಲಿ ಮಾಹಿತಿಗೆ ಮೂರು ಅಂತಸ್ತು. ತಳದಲ್ಲಿ ದಿನದಿನದ ಚೀಟಿ, ಏನು ಬಂತು ಏನು ಹೋಯಿತು ಎಂದು. ನಡುವೆ ಮ್ಯಾನೇಜರಿಗೆ ತಿಂಗಳ ಪಟ್ಟಿ. ಮೇಲೆ ಮಾಲಕರಿಗೆ ಒಂದೇ ಹಾಳೆ. ಅದನ್ನು ನೋಡಿ ಅವರು ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ತೀರ್ಮಾನಿಸುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನೂರು ಚೀಟಿ ಒಂದು ಪಟ್ಟಿಯಾಗುವಾಗ, ಪಟ್ಟಿ ಒಂದು ಹಾಳೆಯಾಗುವಾಗ, ಏನೇನು ಉದುರಿಹೋಗುತ್ತದೆ ಎಂದು ಮೇಷ್ಟ್ರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎಂಟು ಶಾಖೆಯ ಚೀಟಿಗಳೂ ಸಂಜೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತಿದ್ದವು. ಏಳು ಶಾಖೆಯವರು ಮುಂದಿನ ಬದಿ ತುಂಬಿ ಸುಮ್ಮನಾಗುತ್ತಿದ್ದರು. ಸಿದ್ರಾಮಪ್ಪನವರು ಹಿಂಬದಿಯಲ್ಲೂ ಬರೆಯುತ್ತಿದ್ದರು: ಯಾರ ಬಾವಿಯ ನೀರು ಎಷ್ಟು ಕೆಳಗಿಳಿದಿದೆ, ಯಾವ ಕಡೆ ಕರೆಂಟಿನ ಜೋರು ಸಾಲದೆ ಮೋಟರು ಸುಡುತ್ತಿವೆ, ಸಂತೆಗೆ ಬಂದವರು ಯಾವ ವಾಲ್ವು ಕೇಳಿದರು. ಹೈದರಾಬಾದಿನಿಂದ ತರಿಸಿದ ಪ್ರೋಗ್ರಾಮಿನಲ್ಲಿ ಹಿಂಬದಿಗೆ ಜಾಗವೇ ಇರಲಿಲ್ಲ. ಮೊದಲು ಬೇಜಾರಾಗುತ್ತಿತ್ತು, ಆಮೇಲೆ ಓದಿ ಡ್ರಾಯರಿಗೆ ಹಾಕುವುದು ಅಭ್ಯಾಸವಾಯಿತು.

ಆ ವರ್ಷದ ದಾಸ್ತಾನು ಹೊಂದಿಸಲು ನಾನೇ ಕಮಲಾಪುರಕ್ಕೆ ಹೋಗಬೇಕಾಯಿತು. ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ. ಕರಿ ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಯಿತು, ನನ್ನ ಎದೆ ಹಗುರಾಯಿತು. ನಮ್ಮ ಕಡೆಯ ಬಣ್ಣ ಅದು. ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡೆ ಹಾಕಿದ್ದ ಕೆಂಪು ಬಾಳೆಹಣ್ಣು ಕಂಡು ಸುಮ್ಮನಿರಲಾಗದೆ, “ನಮ್ಮ ನಂಜನಗೂಡು ರಸಬಾಳೆ ಮುಂದೆ ಇದೇನು ಮಹಾ” ಎಂದುಬಿಟ್ಟೆ. ಸಿದ್ರಾಮಪ್ಪ ಒಂದು ಹಣ್ಣು ಸುಲಿದು ಕೈಗಿಟ್ಟರು. “ತಿಂದು ಮಾತಾಡ್ರಿ.” ತಿಂದೆ. ಆಮೇಲೆ ಮಾತಾಡಲಿಲ್ಲ.

ಶಾಖೆಯ ಕೋಣೆಯಲ್ಲಿ ಹಳೆಯ ರಿಜಿಸ್ಟರ್ ಪ್ರಕಾರ ಐದು ಮೋಟರು ಇರಬೇಕಿತ್ತು, ಒಂದೂ ಇರಲಿಲ್ಲ. “ಎಲ್ಲಿ?” ಎಂದೆ. ಅವರು ನನ್ನನ್ನು ಚಂದ್ರಶಾ ಎಂಬ ರೈತನ ಬಾಳೆ ತೋಟಕ್ಕೆ ಕರೆದೊಯ್ದು ಬಾವಿಯ ಕಡೆ ಕೈ ತೋರಿಸಿದರು. ಅವನ ಮೋಟರು ಸುಟ್ಟು ರಿಪೇರಿಗೆ ಕಲಬುರಗಿಗೆ ಹೋಗಿತ್ತು. ತಿರುಗಿ ಬರುವವರೆಗೆ ಕಂಪನಿಯ ಹಳೇ ಮೋಟರು ಬಾವಿಯಲ್ಲಿ ಓಡುತ್ತಿತ್ತು. ಇದಕ್ಕೆ ಅಲ್ಲಿ ಬದಲಿ ಮೋಟರು ಅನ್ನುತ್ತಾರೆ. ಉಳಿದ ನಾಲ್ಕೂ ಹೀಗೇ ಬೇರೆ ಬೇರೆ ಬಾವಿಗಳಲ್ಲಿದ್ದವು. ಹಿರಿಯ ಮಾಲಕರೇ ಶುರುಮಾಡಿದ ಪದ್ಧತಿ. ಒಬ್ಬರ ಬಾವಿಯಿಂದ ಎದ್ದದ್ದು ಇನ್ನೊಬ್ಬರ ಬಾವಿಗೆ ಇಳಿಯುತ್ತದೆ. ಕಾಗದವಿಲ್ಲ, ಸಹಿಯಿಲ್ಲ. ಆ ಊರಿನವರು ಹೊಸ ಮೋಟರಿಗೆ ಬೇರೆ ಅಂಗಡಿಗೆ ಹೋಗದೆ ಇದ್ದದ್ದೇ ಇದರಿಂದ.

“ನನ್ನ ಕಂಪ್ಯೂಟರಿನಲ್ಲಿ ಎರಡೇ ಕೋಡ್ ಇದೆ,” ಎಂದೆ. “ಮಾರಿದ್ದು, ಇಲ್ಲಾ ಗೋದಾಮಿನಲ್ಲಿರುವುದು. ಇವುಗಳನ್ನ ಏನಂತ ಬರೆಯಲಿ?”

“ಮಾರಿದ್ದೂ ಅಲ್ಲ, ಗೋದಾಮಿನಾಗೂ ಇಲ್ಲ. ಅಡ್ಯಾಡತಾವ್ರಿ ಅವು.”

“ಅಡ್ಡಾಡುವುದಕ್ಕೆ ಕೋಡ್ ಇಲ್ಲ.”

“ಹಂಗಾದ್ರ ಗೋದಾಮಂತ ಬರೀರಿ ತಂಗಿ. ಎಲ್ಲಿ ಓಡಿ ಹೋಗ್ತಾವ?”

ಬರೆದೆ. ಅವರ ಮೇಲಿನ ವಿಶ್ವಾಸಕ್ಕೇ ಬರೆದೆ. ಮಾರಿದ್ದು ಎಂದರೆ ಬಿಲ್ಲೆಲ್ಲಿ ಎಂದು ಅವರನ್ನು ಪೀಡಿಸುತ್ತಾರೆ, ಗೋದಾಮು ಎಂದರೆ ಯಾರೂ ಕೇಳುವುದಿಲ್ಲ ಎಂದುಕೊಂಡೆ. ಎಂಥ ಬುದ್ಧಿವಂತೆ ನಾನು! ಆ ರಾತ್ರಿ ನಿಶ್ಚಿಂತೆಯಾಗಿ ಮಲಗಿದ್ದು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುವರ್ಷದ ಬೇಸಿಗೆಯಲ್ಲಿ ಮಾಲಕರು ಹೊಸದೊಂದು ಹಾಳೆ ಕೇಳಿದರು: ವರ್ಷದಿಂದ ಅಲುಗಾಡದೆ ಬಿದ್ದಿರುವ ಮಾಲು ಎಲ್ಲೆಲ್ಲಿದೆ? ಕೀಲಿ ಒತ್ತಿದೆ. ಪ್ರಿಂಟರ್ ಕರಕರ ಸದ್ದು ಮಾಡುತ್ತ ಹೊರಹಾಕಿದ ಮೊದಲ ಸಾಲೇ ಕಮಲಾಪುರದ್ದು. ಮೋಟರು ಐದು, ಸ್ಥಳ ಗೋದಾಮು, ಚಲನೆ ಇಲ್ಲ. ಇಡೀ ಕಂಪನಿಯಲ್ಲಿ ಒಂದು ದಿನವೂ ಸುಮ್ಮನಿರದ ಮೋಟರುಗಳೆಂದರೆ ಆ ಐದೇ. ನಾನು ಬಾಯಿಬಿಡುವ ಮೊದಲೇ ಮಾಲಕರು ಹಾಳೆ ಹರಿದುಕೊಂಡು ಹೋಗಿ ಮ್ಯಾನೇಜರಿಗೆ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಗಾಡಿ ಕಳಿಸಿ ಐದನ್ನೂ ತರಿಸುವುದು ಎಂದಾಯಿತು.

ಕಮಲಾಪುರಕ್ಕೆ ಫೋನು ತಿರುಗಿಸಿದೆ, ಗಂಟೆ ಹೊಡೆದುಕೊಂಡೇ ಇತ್ತು. ಸಂಜೆಯ ಬಸ್ಸಿನ ಕಂಡಕ್ಟರರಿಗೆ ಚೀಟಿ ಕೊಟ್ಟೆ. ಅವರು ಕೊಡುವ ಹೊತ್ತಿಗೆ ಶಾಖೆಗೆ ಬೀಗ ಬಿದ್ದಿತ್ತಂತೆ. ಮರುದಿನ ಮಧ್ಯಾಹ್ನ ಗಾಡಿ ಖಾಲಿ ಬಂತು. ಮ್ಯಾನೇಜರ್ ಇಳಿಯುತ್ತಲೇ, “ಒಂದೂ ಇಲ್ಲ ಸಾಹೇಬ್ರ. ಐದೂ ಮಾಯ!” ಎಂದು ಜಗತ್ ಸರ್ಕಲ್ಲಿಗೆಲ್ಲ ಕೇಳುವಂತೆ ಕೂಗಿದರು. ಇಪ್ಪತ್ತೆಂಟು ವರ್ಷ ದುಡಿದ ಮನುಷ್ಯ ಒಂದೇ ಕೂಗಿಗೆ ಕಳ್ಳನಾದರು.

ಮಾಲಕರ ಕೋಣೆಗೆ ಹೋದೆ. “ಸಾರ್, ಅವು ಮಾಯವಾಗಿಲ್ಲ. ಮೊದಲಿಂದಲೂ ರೈತರ ಬಾವಿಯಲ್ಲೇ ಇವೆ. ನಾನೇ ಕಣ್ಣಾರೆ ನೋಡಿದ್ದೀನಿ.”

“ನೋಡೀರಿ? ಮತ್ತ ಗೋದಾಮಂತ ಯಾಕ ಬರ್ದ್ರಿ?”

“ಬೇರೆ ಕೋಡ್ ಇರಲಿಲ್ಲ ಸಾರ್.”

ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನಾನೂ ಕೂಗಾಡುತ್ತಿದ್ದೆನೋ ಏನೋ. “ನಮ್ಮ ಅಪ್ಪಾಜಿಗಿ ಒಂದೊಂದು ಬಾವಿನೂ ಗೊತ್ತಿತ್ತು ಮೇಡಂ. ನನಗ ಎಂಟು ಬ್ರಾಂಚು. ನಾ ಹಾಳಿ ನೋಡೇ ನಡೀಬೇಕು. ಹಾಳಿನೇ ಸುಳ್ಳಾದ್ರ ಹೆಂಗ್ರಿ?” ಎಂದರು. ಡ್ರಾಯರಿನಿಂದ ಸಿದ್ರಾಮಪ್ಪನವರ ಚೀಟಿಗಳನ್ನೆಲ್ಲ ತಂದು ಹಿಂಬದಿ ಕಾಣುವಂತೆ ಮೇಜಿನ ಮೇಲೆ ಹರಡಿದೆ. ಎರಡು ಓದಿದರು. “ಇವನ್ನೆಲ್ಲ ಓದಕೋತ ಕೂಡ್ಲಿಕ್ಕ ಆಗ್ತದ?” ಎಂದು ಗುಡ್ಡೆ ಮಾಡಿ ವಾಪಸು ಕೊಟ್ಟರು. ಎಂಟು ದಿನದೊಳಗೆ ಐದೂ ಮೋಟರು ಬರಬೇಕು, ಬಾರದಿದ್ದರೆ ಪೊಲೀಸು ಎಂದು ಮ್ಯಾನೇಜರ್ ಕಮಲಾಪುರಕ್ಕೆ ಹೇಳಿ ಕಳಿಸಿದರು.

ಆ ಎಂಟು ದಿನವೂ ನನ್ನ ಊಟ ನೀಲಮ್ಮನವರ ಮನೆಯಲ್ಲೇ. ಅವರಿಗೆ ಎಲ್ಲ ಗೊತ್ತಿತ್ತು. ಒಂದು ಮಾತೂ ಕೇಳಲಿಲ್ಲ. ರೊಟ್ಟಿ ಹಾಕುತ್ತಿದ್ದರು, ಮಜ್ಜಿಗೆ ಇಡುತ್ತಿದ್ದರು. ಬೈದುಬಿಡಬಾರದೇ ಎಂದು ಕಾಯುತ್ತಿದ್ದೆ.

ನಾಲ್ಕು ಬಾವಿಯವರು ಗೊಣಗುತ್ತ ಮೋಟರು ಎತ್ತಿಕೊಟ್ಟರು. ಚಂದ್ರಶಾನ ತೋಟದಲ್ಲಿ ಗೊನೆ ಇನ್ನೂ ತುಂಬುತ್ತಿತ್ತು, ಅವನ ಮೋಟರು ಆ ಬೇಸಿಗೆಯೂ ಸುಟ್ಟು ರಿಪೇರಿಯಲ್ಲಿತ್ತು. “ಹದಿನೈದು ದಿನ ಕೊಡ್ರಿ” ಎಂದು ಸಿದ್ರಾಮಪ್ಪ ಕೇಳಿದರು. ಕಂಪನಿ ಆಗುವುದಿಲ್ಲ ಎಂದಿತು. ಏಳನೆಯ ದಿನ ಅವರೇ ಹಗ್ಗ ಹಿಡಿದು ನಿಂತು ಅದನ್ನು ಬಾವಿಯಿಂದ ಮೇಲೆತ್ತಿಸಿದರಂತೆ. ಚಂದ್ರಶಾ ಬೈಯಲಿಲ್ಲವಂತೆ. “ಕಾಕಾ, ನೀವ ಇಳಿಸಿದ್ರಿ, ನೀವ ತಗೋರಿ” ಎಂದಷ್ಟೇ ಅಂದು ತೋಟದ ಕಡೆ ಹೋದನಂತೆ.

ಎಂಟನೆಯ ದಿನ ಐದು ಮೋಟರು ಶಾಖೆಯ ಕೋಣೆ ಸೇರಿದವು. ಶಾಖೆಯ ಬೀಗದಕೈ ಒಪ್ಪಿಸಲು ಸಿದ್ರಾಮಪ್ಪ ನಮ್ಮ ಆಫೀಸಿಗೆ ಬಂದರು. ಇನ್ನು ಮನೆಯಲ್ಲೇ ಆರಾಮಾಗಿರಿ ಎಂದು ಕಂಪನಿ ಅವರನ್ನು ಕೆಲಸದಿಂದ ಬಿಡಿಸಿತ್ತು. ಮಾಲಕರು ಊರಲ್ಲಿರಲಿಲ್ಲ, ಅಥವಾ ಇರಲಿಲ್ಲ ಎಂದು ಹೇಳಿಸಿದರು. ಸಿದ್ರಾಮಪ್ಪ ಗಾಜಿನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನೆದುರು ಕೂತರು.

“ಬರಕೋರಿ ತಂಗಿ. ಐದೂ ಗೋದಾಮಿನಾಗ ಅವ. ಒಮ್ಮಿ ನೋಡ್ರಿ, ಬರಾಬರ್ ಅದನೋ ಇಲ್ಲೋ.”

ಕಮಲಾಪುರದ ಪುಟ ತೆರೆದೆ. ಮೋಟರು ಐದು, ಸ್ಥಳ ಗೋದಾಮು. ಹೋದ ವರ್ಷ ನಾನು ಬರೆದದ್ದು ಹಾಗೇ ಇತ್ತು. ಬರೆಯುವುದಕ್ಕೆ ಏನೂ ಇರಲಿಲ್ಲ, ಒಂದು ಅಕ್ಷರವೂ ತಿದ್ದುವುದಿರಲಿಲ್ಲ. ಐದು ಬಾವಿ ಬರಿದಾಗಿದ್ದವು, ಒಬ್ಬ ಮನುಷ್ಯನ ಮರ್ಯಾದೆ ಹೋಗಿತ್ತು, ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ನನ್ನ ಬೆರಳು ಕೀಲಿಗಳ ಮೇಲೆ ಸುಮ್ಮನೆ ನಿಂತವು.

“ಬರದ್ರಿ?” ಎಂದರು.

“ಬರೆದೆ,” ಎಂದೆ. ಅಳು ಬಂತು. ಅವರು ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ನಾಲ್ಕು ಕೆಂಪು ಬಾಳೆಹಣ್ಣು, ಬೆರಳಿನಷ್ಟು ಸಣಕಲು. “ಚಂದ್ರಶಾನ ತ್ವಾಟದ್ದು. ತುಂಬಿಲ್ಲ. ನಿಮ್ಮ ಊರಿನಷ್ಟು ಸಿಹಿ ಇರಲಿಕ್ಕಿಲ್ಲ” ಎಂದು ಎದ್ದುಹೋದರು.

ಅವತ್ತೇ ಅಮ್ಮನಿಗೆ ವಾಪಸು ಬರುತ್ತೇನೆಂದು ಬರೆದೆ. ಬಾ ಎಂದು ಉತ್ತರವೂ ಬಂತು. ಒಮ್ಮೆ ಹೋಗಿಯೂ ಬಂದೆ. ಕಪಿಲೆಯಲ್ಲಿ ಕಾಲು ಇಳಿಬಿಟ್ಟು ಕೂತೆ, ಮುದ್ದೆ ಉಂಡೆ, ರಸಬಾಳೆ ತಿಂದೆ; ಕೆಂಪು ಹಣ್ಣಿನ ರುಚಿಯೇ ನಾಲಗೆಗೆ ಬಂದು ಅರ್ಧಕ್ಕೆ ಬಿಟ್ಟೆ. ನನ್ನ ಮಾತು ಕೇಳಿ ಅಣ್ಣನ ಮಕ್ಕಳು “ಅತ್ತೆ ಗುಲ್ಬರ್ಗಾದವಳು” ಎಂದು ಛೇಡಿಸಿದರು. ಇಲ್ಲಿ ನಾನಿನ್ನೂ ಮೈಸೂರು ಕಡೆಯಾಕೆ. ತಿರುಗಿ ಬಂದದ್ದು ರಾಜೀನಾಮೆ ಕೊಟ್ಟು ಟ್ರಂಕು ಒಯ್ಯಲೆಂದೇ. ಸಂಜೆ ನೀಲಮ್ಮನವರಿಗೆ ಹೇಳಿದೆ.

ಅವರು ಹಿಟ್ಟಿನ ಡಬ್ಬಿಯ ಮುಂದೆ ಕೂತಿದ್ದರು. ಅದರ ಮುಚ್ಚಳ ತೆಗೆದರು.

“ನೀ ಮಾಡಿದ್ದು ನಾ ಮರಿಯಂಗಿಲ್ಲ ಯವ್ವ,” ಎಂದರು. “ಹೋಗೋದಿದ್ರ ಹೋಗು. ನಾಳಿ ಅಣ್ಣ ಉಣ್ಣಲಿಕ್ಕ ಬರ್ತಾನ. ಇಬ್ಬರಿಗಿ ಹಿಟ್ಟು ತಗೀಲೋ, ಮೂವರಿಗೋ? ಅದಷ್ಟು ಹೇಳು.”

ಟ್ರಂಕು ಕೋಣೆಯಲ್ಲಿ ಬಾಯಿ ತೆರೆದುಕೊಂಡೇ ಇತ್ತು. ನಾನು ಜರಡಿ ತಂದು ಅವರ ಮುಂದಿಟ್ಟೆ. ನೀಲಮ್ಮ ಮೂವರಿಗೆ ಆಗುವಷ್ಟು ಹಿಟ್ಟು ತೆಗೆದು ಮೊರದಲ್ಲಿ ಹಾಕಿ ಜರಡಿ ಹಿಡಿದರು.