ಮೆತ್ತಗಿನ ಸದ್ದು

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಸವನಗುಡಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಆಕಾಶದಲ್ಲಿ ಢಮ್ಮೆಂದು ಸದ್ದಾಗಿ ನಮ್ಮ ಬೀದಿಯ ಕಿಟಕಿಗಳೆಲ್ಲ ನಡುಗಿದವು. ಬಾಂಬು ಬಿತ್ತೆಂದು ಜನ ಹೆದರಿದರು. ಬಡಾವಣೆಯ ಸಂಘದವರು ಬಂದು, “ಮೇಡಂ, ಎಲ್ರಿಗೂ ಸ್ವಲ್ಪ ತಿಳಿಸಿ ಹೇಳಿ” ಎಂದರು.

ಭಾನುವಾರ ಎಲ್ಲರನ್ನೂ ಕೂರಿಸಿ ಹೇಳಿದೆ. ವಿಮಾನ ಶಬ್ದಕ್ಕಿಂತ ವೇಗವಾಗಿ ಹೋದರೆ ಒತ್ತಿಕೊಂಡ ಗಾಳಿ ನಮಗೆ ಢಮ್ಮೆಂದು ಕೇಳಿಸುತ್ತದೆ; ವಿಮಾನದ ಮೂತಿ ಉದ್ದ ಮಾಡಿ, ಆಕಾರ ಬದಲಿಸಿ ಅದನ್ನು ಮೆತ್ತಗಾಗಿಸುವ ಪ್ರಯತ್ನ ನಡೆದಿದೆ; ಮುಂದೆ ಪಕ್ಕದ ಮನೆಯವರು ಕಾರಿನ ಬಾಗಿಲು ಹಾಕಿದಷ್ಟೇ ಕೇಳಿಸೀತು. ಎಲ್ಲರಿಗೂ ನೆಮ್ಮದಿಯಾಯಿತು. ಎದುರು ಮನೆಯ ಅಜ್ಜಿ ಮಾತ್ರ, “ಅಲ್ಲಮ್ಮಾ, ಢಮ್ ಅಂದ್ರೆ ಆಕಾಶದ್ದು ಅಂತ ಗೊತ್ತಾಗುತ್ತೆ. ಧಪ್ ಅಂದ್ರೆ ಮನೇಲೇ ಯಾರೋ ಬಿದ್ರು ಅನ್ಸಲ್ವಾ?” ಎಂದರು.

ಜನ ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಾಗ ಕೇಳಿಸಿದ್ದು ಅಂಥದ್ದೇ ಸದ್ದು. ಸೊಂಟದ ಮೂಳೆ ಮುರಿದಿತ್ತು. ಇನ್ನೊಂದು ಸಲ ಬಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಕೆಲವು ವಾರಗಳ ನಂತರ, ಬೆಳಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಧಪ್. ಅಷ್ಟೇ. ಗೂಡಿನಲ್ಲಿದ್ದ ಲೋಟ ಕೂಡ ಅಲುಗಲಿಲ್ಲ. ಎಲ್ಲೋ ದೂರದ ವಿಮಾನ, ದೂರವಾದಷ್ಟೂ ಸದ್ದು ಮೆತ್ತಗಾಗುತ್ತದೆ ಎಂದು ತಲೆ ಹೇಳಿತು. ಕಾಲು ಅದನ್ನು ಕೇಳದೆ ಅಪ್ಪ ಜಪಕ್ಕೆ ಕೂತಿದ್ದ ದೇವರ ಮನೆಗೆ ಓಡಿತು.

“ಅಪ್ಪಾ!”

ಉತ್ತರವಿಲ್ಲ. ಮಡಿಯಲ್ಲಿರುವಾಗ ಯಾರೂ ಮುಟ್ಟಬಾರದೆಂದು ಅಪ್ಪ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಜಪಕ್ಕೆ ಕೂತರೆ ಮುಗಿಯುವ ತನಕ ಮಾತಾಡುತ್ತಿರಲಿಲ್ಲ. ಅದೆಲ್ಲ ಗೊತ್ತಿದ್ದೂ ಬಾಗಿಲು ಬಡಿದೆ.

“ಅಪ್ಪಾ, ಬಿದ್ರಾ? ಹೂಂ ಅನ್ನಿ ಸಾಕು!”

ಬಾಗಿಲಿಗೆ ಕಿವಿಯಿಟ್ಟೆ. ಅಡುಗೆಮನೆಯಿಂದ ಸಾಸಿವೆ ಸೀದ ವಾಸನೆ ಬರುತ್ತಿತ್ತು.

ಕೊನೆಗೆ ಒಳಗಿನಿಂದ ಗಂಟೆಯ ಸದ್ದು ಕೇಳಿಸಿತು, ಸಿಟ್ಟಿನಲ್ಲಿ ಆಡಿಸಿದ ಹಾಗೆ. ನಾನು ಹೊಸ್ತಿಲ ಹತ್ತಿರ ಕುಸಿದು ಕೂತು ಅತ್ತುಬಿಟ್ಟೆ.

ಅಪ್ಪ ಜಪ ಮುಗಿಸಿ ಬರುವಷ್ಟರಲ್ಲಿ ಎದುರು ಮನೆಯ ಅಜ್ಜಿ ಗೇಟಿನ ಬಳಿ ನಿಂತು, ನಿಮಗೂ ಕೇಳಿಸ್ತಾ ಎಂದು ವಿಚಾರಿಸುತ್ತಿದ್ದರು. ಸದ್ದು ಆಕಾಶದ್ದೇ.

“ಹೆದರಬೇಡಿ ಅಂತ ಊರಿಗೆಲ್ಲ ಪಾಠ ಹೇಳಿದ್ಯಲ್ಲೇ!” ಎಂದು ಅಪ್ಪ ರೇಗಿಸಿದರು. ಆಮೇಲೆ ನನ್ನ ಮುಖ ನೋಡಿ ತಲೆ ಸವರಿದರು.

ಅವತ್ತಿನಿಂದ ಎಂಥ ಸಣ್ಣ ಸದ್ದಾದರೂ, ಬೆಕ್ಕು ಹಾರಿದರೂ, ಗೇಟು ಬಡಿದರೂ, ನಾನು ಕರೆಯುವ ಮೊದಲೇ ಅಪ್ಪ ಒಳಗಿನಿಂದ ಗಂಟೆ ಆಡಿಸುತ್ತಿದ್ದರು. ನಾನು ಒಲೆಯ ಮುಂದೆ ಉಸಿರು ಬಿಗಿಹಿಡಿದು ಅದಕ್ಕೆ ಕಾಯುತ್ತಿದ್ದೆ. ಒಂದು ದಿನ ಗಂಟೆ ಕೇಳಿಸದಿದ್ದರೆ ಎಂದು ಪ್ರತಿ ಬೆಳಗ್ಗೆಯೂ ಹೆದರುತ್ತಿದ್ದೆ.