ಕ್ಯಾರಿಯರ್ ಅಂದ್ರ ಡಬ್ಬಿ

ಪಣಜಿಯ ಒಂದು ಸಂತಾನ ಚಿಕಿತ್ಸೆಯ ಆಸ್ಪತ್ರೆಯಲ್ಲಿ ಆಯಾ ನೀಲವ್ವನ ಕೆಲಸ ನೆಲ ಒರೆಸುವುದು. ಆದರೆ ಅವಳ ಪ್ರಕಾರ ಆಸ್ಪತ್ರೆ ನಡೆಯುವುದೇ ಅವಳಿಂದ, ಡಾಕ್ಟರರು ಇರುವುದು ಸಹಿ ಹಾಕಲಿಕ್ಕೆ. ಕಲಂಗುಟ್‌ನಲ್ಲಿ ಗಾರೆ ಕೆಲಸ ಮಾಡುವ, ಬೀಚಿನಲ್ಲಿ ಮಣಿಸರ ಮಾರುವ ಉತ್ತರ ಕರ್ನಾಟಕದ ನಮ್ಮ ಕಡೆಯ ದಂಪತಿಗೆ ಡಾಕ್ಟರರು ಹಿಂದಿಯಲ್ಲಿ, ನೀವಿಬ್ಬರೂ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಕ್ಯಾರಿಯರ್ ಎಂದು ಹೇಳಿ ಮುಗಿಸಿದರೆ, ನೀಲವ್ವ ಒರೆಸುವ ಕೋಲನ್ನು ಗೋಡೆಗೆ ಆನಿಸಿ ಶುರುಮಾಡುತ್ತಾಳೆ: “ಕ್ಯಾರಿಯರ್ ಅಂದ್ರ ಊಟದ ಡಬ್ಬಿ ರೀ. ಹೊತ್ತವ್ರಿಗೆ ಒಳಗೇನೈತಿ ಗೊತ್ತಾಗೂದಿಲ್ಲ, ಉಣ್ಣೂ ಕೂಸಿಗೆ ಗೊತ್ತಾಕ್ಕತಿ.” ನಮ್ಮ ಮನೆತನದಲ್ಲಿ ಇಂಥದ್ದಿಲ್ಲ ಎಂದು ಗಂಡ ಮೀಸೆ ಮುಟ್ಟಿಕೊಂಡರೆ, “ಎರಡೂ ಡಬ್ಬಿ ಕೂಡಿದ್ರನ ಈ ಊಟ ರೀ, ಒಂದು ನಿಮ್ಮದೂ ಐತಿ” ಎನ್ನುತ್ತಾಳೆ. ಸೊಸೆಯತ್ತ ಬೆರಳು ತೋರುವ ಅತ್ತೆ ಕಾಲೆತ್ತಿಕೊಂಡು ಬೆರಳು ಮಡಚುವವರೆಗೆ ಆಕೆಯ ಕುರ್ಚಿಯ ಕೆಳಗಿನ ನೆಲವನ್ನೇ ಒರೆಸುತ್ತಾಳೆ. ಗಂಡೋ ಹೆಣ್ಣೋ ಎಂದು ಪಿಸುಗುಟ್ಟಿದವರಿಗೆ ಜೈಲಿಗೆ ಹೋಗುವ ಬಸ್ಸು ಯಾವುದೆಂದು ಹೇಳುತ್ತಾಳೆ. ಗಾಜಿನ ತಟ್ಟೆಯಲ್ಲಿ ಐದು ದಿನ ಬೆಳೆದ ಭ್ರೂಣದಿಂದ ನಾಲ್ಕಾರು ಜೀವಕೋಶ ತೆಗೆದು ಪರೀಕ್ಷಿಸುವ ವಿದ್ಯೆಯೂ ಅವಳ ಬಾಯಲ್ಲಿ ಸರಳ: “ಹೊಟ್ಯಾಗ ಇಡೂಕಿಂತ ಮೊದಲ ಡಬ್ಬಿ ಬಿಚ್ಚಿ ನೋಡ್ತಾರ, ಅಷ್ಟ.” ಒಮ್ಮೆ ತಿದ್ದಲು ಬಂದ ಡಾಕ್ಟರರು, ದಂಪತಿ ತಲೆಯಾಡಿಸುವುದನ್ನು ಕಂಡು, ಈಗ ತಾವೂ ಡಬ್ಬಿ ಎಂದೇ ಹೇಳುತ್ತಾರೆ. ಮೊನ್ನೆ ಗಂಡನ ಜೊತೆ ಪರೀಕ್ಷೆಗೆ ಬಂದ ರೇಣು ಎಂಬಾಕೆ ಕೇಳಿದಳು: “ಇಷ್ಟೆಲ್ಲಾ ಎಲ್ಲಿ ಕಲತ್ರಿ ಮೌಶಿ?” ನೀಲವ್ವ ಒದ್ದೆ ಅರಿವೆ ಹಿಂಡುತ್ತಲೇ ಹೇಳಿದಳು: “ನಮಗ ಯಾರೂ ಬಿಚ್ಚಿ ತೋರಿಸಲಿಲ್ಲವ್ವಾ. ಮಗಳಿಗೆ ಒಂಬತ್ತು ವರ್ಷ ಆಗೂತನಕ ಇಪ್ಪತ್ತು ದಿನಕ್ಕೊಮ್ಮೆ ರಕ್ತ ಏರಿಸಿದ್ವಿ. ನಮ್ಮ ಡಬ್ಬಿ ಆಕಿ ಉಂಡು ಹೋದ್ಲು.”