ಎದುರುಮನೆ ಅತ್ತೆಯೂ ಸಾಯುವ ನಾಯಕಿಯರೂ

ಬಚ್ಚಲು ತೊಳೆಯಲು ಬಂದವಳು ಹೊಸ ಫಿನೈಲ್ ಬಾಟಲಿಯ ಮುಚ್ಚಳ ತೆಗೆದಳು. ಈಗಿನ ಫಿನೈಲಿಗೆಲ್ಲ ಮಲ್ಲಿಗೆಯದೋ ನಿಂಬೆಯದೋ ಪರಿಮಳ ಬೆರೆಸಿರುತ್ತಾರೆ. ಇದು ಹಾಗಲ್ಲ. ಹಳೆಯ ಕಾಲದ ಕರಿ ಫಿನೈಲು, ನೀರಿಗೆ ಬಿದ್ದ ಕೂಡಲೇ ಬೆಳ್ಳಗಾಗುವಂಥದ್ದು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಹೊಸನಗರದ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಮಂಚದ ಕೆಳಗೆ ಫಿನೈಲು ಹಾಕಿಟ್ಟ ಉಗುಳುವ ಡಬ್ಬಿ. ಬಾಗಿಲ ಬಳಿ ಸ್ಟೂಲಿನ ಮೇಲೆ ಎದುರುಮನೆ ಅತ್ತೆ. ಕೈಯಲ್ಲೊಂದು ಕಾದಂಬರಿ, ಮುಖದ ತುಂಬ ಅಸಹ್ಯ...

ಐವತ್ತರ ದಶಕದ ನಡುಗಾಲ ಅದು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಎದುರು ಮನೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಜೈನರೊಬ್ಬರ ಸಂಸಾರ. ಅವರ ಅಕ್ಕ ಈ ಅತ್ತೆ. ಹುಂಚದ ಕಡೆಯ ಮನೆಗೆ ಕೊಟ್ಟಿದ್ದವರು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನಿಂತವರು. ನೆಂಟರೇನಲ್ಲ, ಆದರೂ ಬೀದಿಯ ಮಕ್ಕಳೆಲ್ಲ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆವು.

ಊರಲ್ಲಿ ಅವರಷ್ಟು ಕಾದಂಬರಿ ಓದಿದವರೂ ಇರಲಿಲ್ಲ, ಅವರಷ್ಟು ಕಾದಂಬರಿಗಳನ್ನು ಉಗಿದವರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಪೇಪರ್ ಮಾರುವವನು ಶಿವಮೊಗ್ಗದಿಂದ ಹೊಸ ಕಾದಂಬರಿಗಳನ್ನು ತರಿಸಿ ಓದಲು ಬಾಡಿಗೆಗೆ ಕೊಡುತ್ತಿದ್ದ. ಅತ್ತೆ ಒಂದನ್ನೂ ಬಿಡುತ್ತಿರಲಿಲ್ಲ. ಅಷ್ಟೊಂದು ಹಳಿಯುವವರು ಮತ್ತೆ ಯಾಕೆ ಓದುತ್ತೀರಿ ಎಂದು ನನ್ನ ಅಮ್ಮ ಕೇಳಿದರೆ, "ಓದದೆ ಬೈದ್ರೆ ಅದು ಚಾಡಿ ಆಗ್ತದೆ" ಎನ್ನುತ್ತಿದ್ದರು.

ಪ್ರೇಮದ ಕಾದಂಬರಿ ಎಂದರೆ ಅವರ ಮೂಗು ತಾನಾಗಿ ಮೇಲೇರುತ್ತಿತ್ತು. ನಾಯಕ ಕವಿಯೋ ಚಿತ್ರಕಾರನೋ ಆಗಿರುತ್ತಾನೆ, ಅವನ ಮನೆಗೆ ಅಕ್ಕಿ ಎಲ್ಲಿಂದ ಬರುತ್ತದೆಂದು ಬರೆದವನಿಗೇ ಗೊತ್ತಿರುವುದಿಲ್ಲ. ನಾಯಕಿ ಬೆಳದಿಂಗಳಲ್ಲಿ ವೀಣೆ ನುಡಿಸುತ್ತಾಳೆ, ಕಥೆ ಮುಗಿಯುವವರೆಗೂ ಒಂದು ಪಾತ್ರೆಯನ್ನೂ ತೊಳೆಯುವುದಿಲ್ಲ. ಹೊಸದಕ್ಕೆ ಹೀಗೆಂದು ಹಳೆಯದಕ್ಕೆ ರಿಯಾಯಿತಿಯೇನೂ ಇರಲಿಲ್ಲ. ಹಳೆಯ ಕಾವ್ಯಗಳಲ್ಲಿ ವಿರಹದಿಂದ ಬೇಯುವ ರಾಜಕುಮಾರಿಗೆ ಸಖಿಯರು ತಾವರೆ ಎಲೆ ಹಾಸಿ ಗಂಧ ಬಳಿಯುತ್ತಾರಲ್ಲ, ಅದನ್ನು ಓದಿ, "ಅಷ್ಟು ಮೈ ಸುಡ್ತಿದ್ರೆ ಮದ್ದು ಕೊಡೋ ಪಂಡಿತರನ್ನ ಕರೆಸ್ಬೇಕು. ಎಲೆ ಹಾಸ್ತಾ ಕೂತ್ಕೋತಾರಾ ಯಾರಾದ್ರೂ?" ಎಂದಿದ್ದರು. ಬಂಗಾಳಿಯಿಂದ ಬಂದ, ಓದಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ ದೊಡ್ಡ ಕಾದಂಬರಿಗಳಿಗೂ ಅದೇ ಗತಿ. ಗಂಡಸು ಕುಡಿದು ಹಾಳಾಗುತ್ತಾನೆ, ಹೆಂಗಸು ಅವನ ಕಾಲು ಒತ್ತುತ್ತಾಳೆ, ಅಳುವ ಕೆಲಸ ಮಾತ್ರ ನಮ್ಮದು... ಒಂದೇ ಒಂದು ಹಳೆಯ ಕಾದಂಬರಿಯಲ್ಲಿ, ಮಗ ಸತ್ತ ಮನೆಯ ತಾಯಿಯೊಬ್ಬಳು ಹಸಿವು ತಡೆಯಲಾರದೆ, ಯಾರೂ ನೋಡದ ಹಾಗೆ ಗಂಜಿ ಕುಡಿಯುವ ಜಾಗವಿತ್ತು. ಆ ಪುಟ ಓದಿ ಅವರು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದರು. ಅವರಿಂದ ಅಷ್ಟು ಮರ್ಯಾದೆ ಬೇರಾವ ಪುಸ್ತಕಕ್ಕೂ ಸಿಕ್ಕಿದ್ದು ನಾನು ಕಾಣೆ.

ನನಗಾಗ ಹದಿನೇಳು. ಅವರು ಓದಿ ಬಿಸಾಡಿದ್ದನ್ನೆಲ್ಲ ಎತ್ತಿಕೊಂಡು ನಾನು ಓದುತ್ತಿದ್ದೆ, ನಂಬುತ್ತಿದ್ದೆ. ಅರಳಸುರಳಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಮ್ಮೆ ಬಂದು ನೋಡಿ ಹೋಗಿದ್ದ. ಹೋಗುವಾಗ ಮೆಟ್ಟಿಲಲ್ಲಿ ನಿಂತು ಹಿಂತಿರುಗಿ ನೋಡಿದ್ದ. ಆ ಒಂದು ನೋಟವನ್ನು ಹಿಡಿದುಕೊಂಡು ನಾನು ಕಾದಂಬರಿಯನ್ನೇ ಕಟ್ಟಿಕೊಂಡಿದ್ದೆ. ಅಷ್ಟರಲ್ಲಿ ಕೆಮ್ಮು ಶುರುವಾಯಿತು. ಸಂಜೆಯಾದರೆ ಜ್ವರ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಕ್ಷಯ.

ಹುಡುಗನ ಕಡೆಯವರು ಮಾತು ಮುರಿದರು. ಬೀದಿಯವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ನಾನು ಸಾಯಲು ತೀರ್ಮಾನಿಸಿದೆ. ಹೇಗೆ ಸಾಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಕಿಟಕಿಯ ಕಡೆ ಮುಖ, ಬಿಳಿಚಿದ ಕೈ, ಅವನು ಓಡಿ ಬರುವ ಹೊತ್ತಿಗೆ ಒಂದು ಕೊನೆಯ ಮಾತು. ಊಟ ಬಿಟ್ಟೆ. ಇಂಜೆಕ್ಷನ್ ಕೊಡಲು ಬಂದ ಕಾಂಪೌಂಡರಿಗೆ ತೋಳು ಕೊಡದೆ ಸೆರಗು ಬಿಗಿಹಿಡಿದು ಗೋಡೆಯ ಕಡೆ ತಿರುಗಿದೆ. ಅವರು ಬೈದುಕೊಳ್ಳುತ್ತ ವಾಪಸು ಹೋದರು. ಮರುದಿನವೂ ಹಾಗೇ ಆಯಿತು. ಅಮ್ಮ ಅತ್ತರು, ಅಪ್ಪ ಗದರಿದರು. ಎರಡೂ ಕಾದಂಬರಿಯಲ್ಲಿ ಬರುವಂಥವೇ ಆದ್ದರಿಂದ ನನಗೆ ಒಳಗೊಳಗೇ ಹಿತವಾಗಿತ್ತು.

ಮೂರನೆಯ ದಿನ ಎದುರುಮನೆ ಅತ್ತೆ ತಾವೇ ಒಂದು ಸ್ಟೂಲು ಹಿಡಿದುಕೊಂಡು ಬಂದರು. ಹೇಗಿದ್ದೀಯ ಎಂದು ಕೇಳಲಿಲ್ಲ. ಬಾಗಿಲ ಬಳಿ ಕೂತು, ನಾಯಕಿ ಕ್ಷಯದಿಂದ ಸಾಯುವ ಕಾದಂಬರಿಯೊಂದರ ಕಡೆಯ ಅಧ್ಯಾಯ ತೆಗೆದು ಗಟ್ಟಿಯಾಗಿ ಓದತೊಡಗಿದರು. ನಾನು ಕಣ್ಣೀರಿಟ್ಟು ಓದಿದ್ದ ಅಧ್ಯಾಯ ಅದು. ನಡುವೆ ನಿಲ್ಲಿಸಿದರು.

"ಇವ್ಳು ಮಾತಾಡೋಕೆ ಶುರು ಮಾಡಿ ಎರಡು ಪುಟ ಆಯ್ತು. ಇನ್ನೂ ನಿಲ್ಸಿಲ್ಲ. ಇಷ್ಟು ಉಸಿರು ಇದ್ದೋಳು ಎಂತಕ್ಕೆ ಸಾಯ್ಬೇಕು ಮಾರಾಯ್ತಿ?"

ನನಗೆ ಸಿಟ್ಟು ಬಂತು. ನಿಮಗೆ ಪ್ರೀತಿ ಎಂದರೇನು ಗೊತ್ತು ಎಂದೆ.

ಅವರು ಪುಸ್ತಕ ಮಡಿಲಲ್ಲಿಟ್ಟುಕೊಂಡರು. "ನಮ್ಮನೆಯವ್ರು ಹೋಗಿದ್ದು ಇದೇ ಕಾಯಿಲೇಲಿ" ಎಂದರು. ನನಗೆ ಅದು ಗೊತ್ತಿರಲಿಲ್ಲ. "ಕರ್ಚೀಫಿನ ಮೇಲೆ ಗುಲಾಬಿ ಅರಳಿದ ಹಾಗೆ ರಕ್ತ ಅಂತ ಬರೀತಾನೆ ಇವ್ನು. ಉಗುಳೋ ಬಟ್ಟಲು ತೊಳೆದೋಳು ನಾನು. ಗುಲಾಬಿ ಎಲ್ಲೂ ಕಾಣ್ಲಿಲ್ಲ. ಕೊನೇಲಿ ಅವ್ರು ನನ್ನ ಕೈ ಹಿಡ್ಕೊಂಡು ಎಂತ ಹೇಳಿದ್ರು ಗೊತ್ತಾ? ಕಾಲು ತುರಿಸ್ತದೆ ಅಂದ್ರು. ತುರಿಸ್ದೆ. ಅಷ್ಟೆ, ಮತ್ತೆ ಮಾತಿಲ್ಲ."

ಆಮೇಲೆ ಅವರು, "ಆಗ ಈ ಇಂಜೆಕ್ಷನ್ ಬಂದಿರ್ಲಿಲ್ಲ" ಎಂದರು. ಕಾಂಪೌಂಡರನ್ನು ಕರೆತರಲು ಎದ್ದು ಹೋದರು. ಕಾಂಪೌಂಡರು ಬಂದಾಗ ನಾನು ತೋಳು ಕೊಟ್ಟೆ.

ಅಲ್ಲಿಂದ ಎಷ್ಟೋ ತಿಂಗಳು, ದಿನಾ ಮಧ್ಯಾಹ್ನ ಬರುತ್ತಿದ್ದರು. ಓದುವುದು, ನಿಲ್ಲಿಸುವುದು, ಬೈಯುವುದು. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಅವರ ಊಟ ಆಗಬೇಕಿದ್ದರಿಂದ, ಪ್ರೇಮಿಗಳು ಬಾವಿಕಟ್ಟೆಯಲ್ಲಿ ಸಂಧಿಸುವ ಹೊತ್ತಾಗಿದ್ದರೂ ಸರಿಯೇ, ಪುಟ ಮಡಚಿ ಎದ್ದುಬಿಡುತ್ತಿದ್ದರು. ಮೊದಮೊದಲು ನಾಯಕಿಯರ ಪರ ವಾದಿಸುತ್ತಿದ್ದವಳು ನಿಧಾನಕ್ಕೆ ಅವರ ಕಡೆಗೆ ಬಂದೆ. ನಾನು ನಕ್ಕರೆ ಕೆಮ್ಮು ಬರುತ್ತಿತ್ತು. ಅಡುಗೆಮನೆಯಿಂದ ಅಮ್ಮ, "ಅವಳನ್ನ ನಗಿಸ್ಬೇಡ್ರೀ" ಎಂದು ಕೂಗುತ್ತಿದ್ದರು. ಊಟ ಸೇರತೊಡಗಿತು. ಒಂದು ದಿನ ಜ್ವರ ಬರಲಿಲ್ಲ...

ಗುಣವಾದವಳನ್ನು ಕೇಳುವವರು ಇರಲಿಲ್ಲ. ಬಹಳ ದಿನಗಳ ಮೇಲೆ ತೀರ್ಥಹಳ್ಳಿಯ ಶಾಲೆಯ ಮೇಷ್ಟ್ರೊಬ್ಬರು ಹೆಣ್ಣು ನೋಡಲು ಬಂದರು. ಕೂತವರು ಉಪ್ಪಿಟ್ಟು ಮುಟ್ಟುವ ಮೊದಲು ಎಕ್ಸ್‌ರೇ ನೋಡಬಹುದಾ ಎಂದು ಕೇಳಿದರು. ಅಪ್ಪನ ಮುಖ ಕಪ್ಪಿಟ್ಟಿತು. ಮೇಷ್ಟ್ರು ಹಳೆಯದನ್ನೂ ಹೊಸದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಏನೂ ಅರ್ಥವಾಗದೆ, "ಈಗ ಸುಸ್ತು ಆಗ್ತದಾ?" ಎಂದು ನನ್ನನ್ನೇ ಕೇಳಿದರು. ಮೆಟ್ಟಿಲು ಹತ್ತಿದರೆ ಸ್ವಲ್ಪ ಆಗುತ್ತದೆ ಎಂದೆ. "ನಮ್ಮದು ಒಂದೇ ಅಂತಸ್ತಿನ ಮನೆ" ಎಂದರು. ಎದುರು ಜಗಲಿಯಿಂದ ಎಲ್ಲ ನೋಡುತ್ತಿದ್ದ ಅತ್ತೆ, ಮೇಷ್ಟ್ರು ಹೋದ ಮೇಲೆ ಬಂದು, "ಇವ್ನು ಪರವಾಗಿಲ್ಲ. ಕಾದಂಬರಿಗೆ ಸೇರೋನಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆ ಮೇಷ್ಟ್ರ ಜೊತೆ ನಾನು ಒಂದು ಇಡೀ ಜೀವನ ನೆಮ್ಮದಿಯಿಂದ ಕಳೆದೆ.

ಅತ್ತೆ ತೀರಿಕೊಂಡಾಗ ನಾನು ತೀರ್ಥಹಳ್ಳಿಯಲ್ಲಿ ಎರಡನೆಯ ಬಾಣಂತನದಲ್ಲಿದ್ದೆ. ಸುದ್ದಿ ತಡವಾಗಿ ಬಂತು, ಹೋಗಲಾಗಲಿಲ್ಲ. ಬಟ್ಟೆ ಹಿಂಡುತ್ತಿದ್ದವರು ಹಾಗೇ ಕುಸಿದು ಕೂತರಂತೆ. ಅವರ ಸೀರೆಗಳನ್ನು ಯಾರೋ ತೆಗೆದುಕೊಂಡರು. ಅವರದ್ದೆಂದು ಒಂದು ಪುಸ್ತಕವೂ ಇರಲಿಲ್ಲ, ಎಲ್ಲ ಬಾಡಿಗೆಯವೇ...

ಈಗ ಸಾಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಹೊಸ ಪ್ರೇಮ ಕಾದಂಬರಿಗಳನ್ನು ತಂದುಕೊಡುತ್ತಾಳೆ, ಕಣ್ಣು ಒಪ್ಪಿದಷ್ಟು ಓದುತ್ತೇನೆ. ಈಗಿನ ನಾಯಕ ಯಾವುದೋ ಕಂಪನಿಯ ಯಜಮಾನ. ಮೊದಲ ಅರ್ಧ ಅವಳನ್ನು ಅವಮಾನಿಸುತ್ತಾನೆ, ಉಳಿದರ್ಧ ಕ್ಷಮೆ ಕೇಳುತ್ತಾನೆ. ಇದನ್ನು ಪ್ರೀತಿ ಎಂದು ಬರೆದವಳು ನಂಬಿದ್ದಾಳೆ, ಅಚ್ಚು ಹಾಕಿದವರೂ ನಂಬಿದ್ದಾರೆ. ಮೊನ್ನೆ ಒಂದನ್ನು ಮುಗಿಸಿ, ಕಸ ಎಂದೆ. "ಇಷ್ಟ ಇಲ್ದಿದ್ರೆ ಬಿಡು ಅಜ್ಜಿ" ಎಂದು ಮೊಮ್ಮಗಳು ಪುಸ್ತಕ ತೆಗೆದುಕೊಂಡು ಹೋದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನಾನು ಕಸ ಎಂದ ಕೂಡಲೇ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, "ಎಲ್ಲಿ, ಯಾವ ಪುಟ?" ಎಂದು ಕೇಳುವವರು ಯಾರೂ ಉಳಿದಿಲ್ಲ.